ಕತ್ತರಿ ಮೇಷ್ಟ್ರ ಒಂದೇ ಮಾತು

ಜೂನ್ 8, ಭಾನುವಾರ

ಫೋಟೋ ಕ್ಲಬ್ಬಿನಲ್ಲಿ ಇವತ್ತೂ ಅದೇ ರಾಮಾಯಣ. ಸ್ಟೇಷನರಿ ಅಂಗಡಿಯ ಮೇಲಿನ ರೂಮು, ಕಿರಗುಟ್ಟುವ ಫ್ಯಾನು. ಯಾರ ಫೋಟೋ ಮೇಲೆ ಚರ್ಚೆ ನಡೆಯುತ್ತಿದೆಯೋ ಅವರು ತುಟಿ ಬಿಚ್ಚುವಂತಿಲ್ಲ — ನಿಯಮ. ಬ್ಯಾಂಕಿನವರ ಫೋಟೋದಲ್ಲಿ ಜಿಂಕೆಗೆ ಬಾಲವೇ ಇರಲಿಲ್ಲ. ಸೂಪರ್ ಸಾರ್ ಎಂದಿನಂತೆ "ಸೂಪರ್" ಎಂದರು. ಕಣ್ಣು ಮುಚ್ಚಿದ ನನ್ನ ಮಿಂಚುಳ್ಳಿಗೂ ಸೂಪರ್ ಎಂದ ಮಹಾನುಭಾವರು.

ಕತ್ತರಿ ಮೇಷ್ಟ್ರು ಬಿಡಲಿಲ್ಲ. "ಬಾಲ ಎಲ್ರೀ? ಮನೇಲಿ ಬಿಟ್ಟು ಬಂದ್ರಾ?" ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಜೇಬಿನಲ್ಲಿ ಸದಾ ಎಲ್ ಆಕಾರದ ಎರಡು ಕಪ್ಪು ರಟ್ಟು. ಪ್ರಿಂಟಿನ ಮೇಲೆ ಎರಡೂ ಕೈಯಿಂದ ಅವನ್ನು ಜರುಗಿಸಿ, ಎಲ್ಲಿ ಕತ್ತರಿಸಬೇಕು ಎಂದು ತೋರಿಸುತ್ತಾರೆ. ಒಂದು ನಿಮಿಷದ ಕೆಲಸ. ಎಲ್ಲರ ಮುಖವೂ ಹರಳೆಣ್ಣೆ ಕುಡಿದಂತೆ.

ನನ್ನ ಕೊಕ್ಕರೆಯ ಸರದಿ. ಬಲಗಡೆ ಹಕ್ಕಿ, ನಡುವೆ ಬರೀ ನೀರು, ಎಡ ಅಂಚಿನಲ್ಲಿ ಮುರಿದ ಸಿಮೆಂಟ್ ಕಂಬ. ರಟ್ಟು ಇಟ್ಟರು. ಜರುಗಿಸಿದರು. ತೆಗೆದರು. ಮತ್ತೆ ಇಟ್ಟರು. ಬಯ್ಯಲೇ ಇಲ್ಲ.

"ಇದು ನನ್ನ ಹತ್ರ ಇರ್ಲಿ ಅಮ್ಮಾ. ಮುಂದಿನ ಭಾನುವಾರ ಹೇಳ್ತೀನಿ."

ಯಾರ ಫೋಟೋವನ್ನೂ ಮನೆಗೆ ಒಯ್ದವರಲ್ಲ ಅವರು!

ಜೂನ್ 11

ಆಸ್ಪತ್ರೆ ಡ್ಯೂಟಿ. ಸ್ಕ್ಯಾನಿಂಗ್ ರೂಮಿನಲ್ಲಿ ಇಡೀ ದಿನ "ಅಲ್ಲಾಡ್ಬೇಡಿ, ಅಲ್ಲಾಡ್ಬೇಡಿ." ತಲೆಯಲ್ಲಿ ಮಾತ್ರ ಕಂಬ. ಇರಬೇಕಾ, ತೆಗೆಯಬೇಕಾ? ಇದ್ದರೆ ಹಕ್ಕಿ ಅದನ್ನೇ ನೋಡುತ್ತಿರುವಂತೆ ಕಾಣುತ್ತದೆ. ತೆಗೆದರೆ ಅಂದವಾಗಿ ಕಾಣುತ್ತದೆ, ಕ್ಯಾಲೆಂಡರ್ ತರಹ.

ಅಮ್ಮನನ್ನು ಕೇಳಿದೆ. "ಕಂಬ ಹಾಗಿರ್ಲಿ. ಹಕ್ಕಿ ಯಾಕೆ ಇಷ್ಟು ಬಡಕಲು? ನಿನ್ ಹಾಗೆ ಊಟ ಬಿಟ್ಟು ಕೆರೆ ಕಾಯ್ತಾ ಇತ್ತಾ?"

ಇಷ್ಟು ವರ್ಷ ಕೆರೆ ಸುತ್ತಿದ್ದಕ್ಕೆ ಒಂದು ಅರ್ಥ ಇತ್ತು ಅಂತ ಒಬ್ಬರು ಹೇಳಿದರೆ ಸಾಕು. ಆ ಒಬ್ಬರು ಮೇಷ್ಟ್ರೇ ಆಗಬೇಕು.

ಜೂನ್ 14, ಶನಿವಾರ

ಸ್ಟ್ರೆಚರ್ ಮೇಲೆ ಮೇಷ್ಟ್ರು ಬಂದರು. ಬಾಯಿ ಒಂದು ಕಡೆ ವಾಲಿತ್ತು. ಬಲಗೈ ಜೋತು ಬಿದ್ದಿತ್ತು. "ಅಲ್ಲಾಡ್ಬೇಡಿ" ಎನ್ನುವ ಬದಲು ನಾನೇ ಅವರ ತಲೆ ನೇರಕ್ಕೆ ಇಟ್ಟೆ. ಸ್ಕ್ಯಾನ್ ಮಾಡಿದೆ. ಮೆದುಳಿನ ಎಡಭಾಗದಲ್ಲಿ, ಮಾತಿನ ಜಾಗದಲ್ಲೇ...

ಡಾಕ್ಟರ್ ಸ್ಕ್ರೀನ್ ನೋಡಿ, "ತುಂಬಾ ಕ್ಲಿಯರಾಗಿ ಬಂದಿದೆ. ಗುಡ್ ವರ್ಕ್" ಎಂದರು. ಬಾತ್‌ರೂಮಿಗೆ ಹೋಗಿ ಅತ್ತೆ.

ಜುಲೈ 20

ಮೇಷ್ಟ್ರನ್ನು ಮನೆಗೆ ಕರೆತಂದಿದ್ದಾರೆ. ಹೋದೆ. ಕಿಟಕಿಯ ಪಕ್ಕ ಕುರ್ಚಿ, ಮಡಿಲಲ್ಲಿ ಟವೆಲ್. ನನ್ನನ್ನು ಕಂಡು ಕಣ್ಣು ಅರಳಿತು.

"ಚೆನ್ನಾಗಿದೆ," ಎಂದರು. ಸ್ಪಷ್ಟವಾಗಿ!

ಒಂದು ಕ್ಷಣ, ನನ್ನ ಕೊಕ್ಕರೆಗೇ ಹೇಳಿದರು ಅಂದುಕೊಂಡೆ. ಅವರ ಹೆಂಡತಿ ಪಕ್ಕಕ್ಕೆ ಕರೆದರು. "ಬಾಯಿಗೆ ಅದೊಂದೇ ಬರೋದಮ್ಮ. ಮಾತ್ರೆ ಕಹೀನಾ ಅಂದ್ರೂ ಚೆನ್ನಾಗಿದೆ. ಮೊನ್ನೆ ಜಾರಿ ಬಿದ್ದಾಗ್ಲೂ ಅದೇ ಅಂದ್ರು."

ಜೀವಮಾನದಲ್ಲಿ ಯಾರಿಗೂ ಆ ಮಾತು ಹೇಳದ ಮನುಷ್ಯ.

ಜುಲೈ 27

ನಾಚಿಕೆ ಬಿಟ್ಟು ಕೇಳಿದೆ — ನನ್ನ ಪ್ರಿಂಟು?

"ಅದಾ? ಆಸ್ಪತ್ರೆಗೆ ಸೇರೋ ಹಿಂದಿನ ರಾತ್ರಿ ಟೇಬಲ್ ಮೇಲೆ ಹರವಿಕೊಂಡು ಕೂತಿದ್ರು. ರಟ್ಟು ಎರಡೂ ಅದ್ರ ಮೇಲೇ ಇಟ್ಟಿದ್ರು. 'ಮುಟ್ಬೇಡ, ಹಾಗೇ ಇರ್ಲಿ' ಅಂದಿದ್ರು."

"ಎಲ್ಲಿ ಇಟ್ಟಿದ್ರು? ಎಡಗಡೆನಾ? ಕಂಬದ ಮೇಲಾ?"

"ಅಯ್ಯೋ, ಅದನ್ನೆಲ್ಲ ಯಾರು ನೋಡಿದ್ರಮ್ಮ? ಆಸ್ಪತ್ರೆಯಿಂದ ಬರೋ ಹೊತ್ತಿಗೆ ಧೂಳು ಕೂತಿತ್ತು. ಒರೆಸಿ ಎತ್ತಿಟ್ಟೆ."

ರಟ್ಟಿನ ಸಮೇತ ಕವರಿನಲ್ಲಿ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ ಕೊಟ್ಟರು. ಎಷ್ಟು ಜೋಪಾನ! ಅವರ ಮೇಲೆ ಕೋಪ ಬಂತು. ಅದಕ್ಕಿಂತ ಜಾಸ್ತಿ ನನ್ನ ಮೇಲೆ. ಗಂಡನ ಮಾತು ಹೋದ ಹೆಂಗಸಿನ ಹತ್ತಿರ ಕಂಬದ ವಿಚಾರ ಕೇಳುತ್ತ ನಿಂತಿದ್ದೆ.

ಆಗಸ್ಟ್ 10

ಇವತ್ತು ಮಾಡಿದ್ದು ಬರೆಯಲು ಕೈ ಬರುತ್ತಿಲ್ಲ.

ಬ್ಯಾಗಿನೊಳಗೆ ಕ್ಯಾಮೆರಾ ಬಟನ್ ತಾನಾಗಿ ಒತ್ತಿಹೋಗಿ ಬಂದ ಫೋಟೋ ಒಂದಿತ್ತು. ಬರೀ ಕಂದು ಮಸುಕು. ಅದನ್ನು ಪ್ರಿಂಟ್ ಹಾಕಿಸಿ ಒಯ್ದೆ. ಅವರಿಗೆ ಗೊತ್ತಾಗುತ್ತದಾ ಅಂತ ನೋಡಬೇಕಿತ್ತು.

ನೋಡಿದರು. ನನ್ನ ಮುಖ ನೋಡಿದರು. ಅವರ ಮುಖ ಕೆಂಪಾಯಿತು. ಎಡಗೈಯಿಂದ ಕುರ್ಚಿ ಗುದ್ದಿ, "ಚೆನ್ನಾಗಿದೆ! ಚೆನ್ನಾಗಿದೆ!" — ಎಂಜಲು ಹಾರಿತು. ಬಯ್ಯುತ್ತಿದ್ದರು. ಆಮೇಲೆ ಕಣ್ಣಲ್ಲಿ ನೀರು.

ಗೊತ್ತಾಗುತ್ತದೆ. ಎಲ್ಲವೂ ಒಳಗಿದೆ. ಹೊರಗೆ ಬರುವ ದಾರಿ ಇಲ್ಲ.

ಕೊಕ್ಕರೆಯನ್ನು ಮುಂದಿಟ್ಟೆ. "ಕಂಬ ಇರ್ಲಾ ಸಾರ್?" ತಲೆ ಆಡಿಸಿದರು. "ತೆಗೀಲಾ?" ಅದಕ್ಕೂ ಆಡಿಸಿದರು. ರಟ್ಟು ಕೊಟ್ಟೆ. ಅದಕ್ಕೆ ಎರಡು ಕೈ ಬೇಕು. ಒಂದನ್ನು ನಾನು ಹಿಡಿದೆ, ಇನ್ನೊಂದನ್ನು ಅವರು ಜರುಗಿಸಿದರು. ಜಾರಿತು. ಮತ್ತೆ ಜರುಗಿಸಿದರು. ಕೊನೆಗೆ ಹಕ್ಕಿಯೇ ಮುಚ್ಚಿಹೋಯಿತು. ಬೇಕೆಂದೇ ಮುಚ್ಚಿದರೋ, ಕೈ ಸೋತಿತೋ.

"ಚೆನ್ನಾಗಿದೆ," ಎಂದರು. ಕಿಟಕಿ ಕಡೆ ನೋಡುತ್ತ.

ಆಗಸ್ಟ್ 24, ಭಾನುವಾರ

ಕ್ಲಬ್ಬಿನವರು ನನ್ನನ್ನು ಮೇಷ್ಟ್ರ ಕುರ್ಚಿಯಲ್ಲಿ ಕೂರಿಸಿದರು. "ನಿಮ್ಮ ಫೋಟೋನ ಮನೆಗೇ ತಗೊಂಡು ಹೋಗಿದ್ರಲ್ಲ, ನೀವೇ ಸರಿ," ಎಂದರು ಸೂಪರ್ ಸಾರ್.

ಬ್ಯಾಂಕಿನವರ ಚಿಟ್ಟೆ. ಒಂದು ರೆಕ್ಕೆ ಅರ್ಧಕ್ಕೇ ಹೋಗಿತ್ತು, ಫೋಕಸ್ ಎಲೆಯ ಮೇಲಿತ್ತು. ಎಲ್ಲ ಕಾಣುತ್ತಿತ್ತು ನನಗೆ. ಅವರು ನಿಯಮದಂತೆ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದರು. ಜೂನ್‌ನಲ್ಲಿ ನಾನು ಮೇಷ್ಟ್ರನ್ನು ಹೀಗೇ ನೋಡಿರಬೇಕು.

"ಚೆನ್ನಾಗಿದೆ," ಎಂದೆ.

ಎಷ್ಟು ಖುಷಿಪಟ್ಟರು ಪಾಪ! ನನಗೆ ಹೇಸಿಗೆಯಾಯಿತು. ಮುಂದಿನದಕ್ಕೂ ಅದನ್ನೇ ಹೇಳಿದೆ.

ಸೆಪ್ಟೆಂಬರ್ 16, ಬೆಳಿಗ್ಗೆ

ಇನ್ನು ಫೋಟೋ ತೆಗೆಯಲು ಹೋಗುವುದಿಲ್ಲ ಎಂದುಕೊಂಡಿದ್ದೆ. ಕಾಲು ಕೇಳಲಿಲ್ಲ, ಕೆರೆಗೆ ಹೋದೆ. ಅದೇ ಕೊಕ್ಕರೆ, ಅದೇ ಜಾಗ, ಬೆಳಕೂ ಹಾಗೇ ಇತ್ತು. ಕ್ಯಾಮೆರಾ ಎತ್ತಿ ಹಿಡಿದು ನಿಂತೆ. ತೋಳು ನೋಯುವವರೆಗೂ ನಿಂತೆ. ಬಟನ್ ಒತ್ತಲಾಗಲಿಲ್ಲ. ಸ್ವಲ್ಪ ಎಡಕ್ಕೆ ತಿರುಗಿದರೆ ಕಂಬ ಒಳಗೆ. ಬಲಕ್ಕೆ ತಿರುಗಿದರೆ ಹೊರಗೆ. ಎರಡಕ್ಕೂ ಮೇಷ್ಟ್ರದು ಒಂದೇ ಮಾತು.