ಹೊಟ್ಟೆಯ ಫೋಟೋ

ಜೂನ್ 20, ಗುರುವಾರ. ಬೆಳಿಗ್ಗೆ 8.40

ಡಬ್ಬಿಗೆ ಚಿತ್ರಾನ್ನ. ಜಡೆ ಅರ್ಧ ಹೆಣೆದಿದ್ದೆ. ಗಂಗಾ ಕೇಳಿದಳು: "ಮಮ್ಮಿ, ನನ್ನ ತೌಡು ಕೊಟ್ಟು ತಗೊಂಡು ಬಂದೀರೇನು?"

ಕೈ ನಿಂತಿತು. ಸ್ಕೂಲ್ ವ್ಯಾನಿನ ಹಾರ್ನ್. ಓಡಿದಳು. ಜಡೆ ಹಾಗೇ.

ಗಂಗಾ ದತ್ತು ತಂದ ಮಗು ಎಂದು ಈ ಮಣಿಕೊಂಡ ಬಡಾವಣೆಯಲ್ಲಿ ಮೂವರಿಗೇ ಗೊತ್ತು — ನನಗೆ, ಇವರಿಗೆ, ಅತ್ತೆಗೆ. ಅವಳಿಗೆ ಏಳು ತುಂಬಿದ ಮೇಲೆ ನಾನೇ ಹೇಳುವುದೆಂದು ಮಾತಾಗಿತ್ತು. ಇನ್ನೂ ಐದು ತಿಂಗಳಿದೆ. ಅತ್ತೆ ಕಲಬುರಗಿಯಿಂದ ಬಂದು ವಾರವಾಯಿತು...

ಸಂಜೆ

ಅಜ್ಜಿ-ಮೊಮ್ಮಗಳ ಪಿಸುಮಾತು. ಕವಿತೆಯ ಪುಸ್ತಕ ಹಿಡಿದು ಪಕ್ಕದ ಕೋಣೆಯಲ್ಲಿ ಕೂತೆ. ಒಂದು ಪುಟವೂ ಮಗುಚಲಿಲ್ಲ. ಒಳಗೆ ಹೋದೆ. ಇಬ್ಬರೂ ಸುಮ್ಮನಾದರು.

ಜೂನ್ 21

ಕೇಳಿಯೇಬಿಟ್ಟೆ.

"ಅತ್ತಿ, ಆಕಿಗೆ ಏನರ ಹೇಳೀರೇನ್ರಿ?"

ಮೆಂತೆ ಸೋಸುತ್ತಿದ್ದರು. "ತೌಡಿನ ಮಾತೇನು? ಎಲ್ಲಾ ಮಕ್ಕಳಿಗೂ ಹೇಳೋದ ಅದು. ನಿನ್ನ ಗಂಡಗೂ ಹೇಳೀನಿ. ಸಿಟ್ಟಿಲೆ ಎರಡು ದಿನ ಉಣ್ಣಲಿಲ್ಲ ಆ ಶಾಣ್ಯಾ. ನೀ ಯಾಕ ಇಷ್ಟ್ ಬೆವರಾಕತ್ತೀ?"

ನಿಜ, ನನಗೂ ಅವ್ವ ಹೇಳುತ್ತಿದ್ದಳು. ಆದರೆ ಈ ಮನೆಯಲ್ಲಿ, ಈ ಮಗುವಿಗೆ, ಅದೇ ತಮಾಷೆ ಬೇಕಿತ್ತೇ? ನಂಬಲಿಲ್ಲ.

ಗಂಗಾ ಶಾಲೆಯಿಂದ ಬಂದೊಡನೆ ಹೇಳಿದೆ: "ನೀ ನನ್ನ ಹೊಟ್ಟ್ಯಾಗಿಂದ ಬಂದೀ."

ಇಷ್ಟು ವರ್ಷ ಹೇಳದೆ ಮುಚ್ಚಿಟ್ಟಿದ್ದೆ, ಅಷ್ಟೇ. ಸುಳ್ಳು ಇದೇ ಮೊದಲು. ಎಷ್ಟು ಸಲೀಸಾಗಿ ಬಂತು.

ಜೂನ್ 27

ಅವಳ ಟೀಚರ್ ಬಸುರಿ. ಕ್ಲಾಸಿನಲ್ಲಿ ಅದೇ ಸುದ್ದಿ. ಗೆಳತಿಯೊಬ್ಬಳು ತನ್ನ ತಾಯಿಯ ಬಸುರಿನ ಫೋಟೋ ತಂದು ತೋರಿಸಿದಳಂತೆ. ಗಂಗಾ ಆಲ್ಬಮ್ ಎಳೆದು ಕೂತಳು. ಮೊದಲ ಫೋಟೋದಲ್ಲೇ ಅವಳಿಗೆ ಎಂಟು ತಿಂಗಳು, ಎರಡು ಹಲ್ಲು.

"ನಿನ್ನ ದೊಡ್ಡ ಹೊಟ್ಟಿ ಫೋಟೋ ಎಲ್ಲೈತಿ?"

"ಯಾರೂ ತೆಗೀಲಿಲ್ಲ."

"ಪಪ್ಪಾ ದೋಸಿದೂ ಫೋಟೋ ತೆಗೀತಾನ."

ಅತ್ತೆ ಒಳಗಿನಿಂದ ನಕ್ಕರು. ಗಂಗಾ ನಗಲಿಲ್ಲ. ನಾನು ಅತ್ತೆಯನ್ನು ಕದ್ದು ನೋಡುವ ಹಾಗೆ ಅವಳು ನನ್ನನ್ನು ನೋಡುತ್ತಾಳೆ.

ಜೂನ್ 30, ಭಾನುವಾರ. ಮಧ್ಯಾಹ್ನ 3

"ಇನ್ನೂ ಟೈಮ್ ಐತಲ್ಲ, ಗಡಿಬಿಡಿ ಯಾಕ" ಎಂದರು ಇವರು. ಇಲ್ಲ, ಟೈಮ್ ಇಲ್ಲ. ಊಟವಾದ ಮೇಲೆ ಅವಳನ್ನು ಮಂಚದ ಮೇಲೆ ಕೂಡಿಸಿಕೊಂಡೆ.

"ನಾ ಹೇಳಿದ್ದು ಸುಳ್ಳು, ಗಂಗಾ. ನಿನ್ನ ಹೊಟ್ಟ್ಯಾಗ ಇಟ್ಕೊಂಡಾಕಿ ಬೇರೆ. ನಾವು ನೀನೇ ಬೇಕಂತ ಹೋಗಿ ಕರ್ಕೊಂಡು ಬಂದೀವಿ."

ಅಳಲಿಲ್ಲ. ಕಾಲ್ಬೆರಳು ಹಿಡಿದುಕೊಂಡು ಕೂತಿದ್ದಳು.

"ಆಕಿ ಹೆಸರೇನು?"

"ಗೊತ್ತಿಲ್ಲವಾ. ನಮಗ ಯಾರೂ ಹೇಳಲಿಲ್ಲ."

ಇದು ನಿಜ. ಕಾಗದಗಳಲ್ಲಿ ಎಲ್ಲೂ ಹೆಸರಿರಲಿಲ್ಲ. ಮೊದಲ ಸಲ ಪೂರ್ತಿ ನಿಜ ಹೇಳಿದ್ದೆ — ಅವಳು ನಂಬಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತದೆ. ಎದ್ದು ಅಜ್ಜಿಯ ಕೋಣೆಗೆ ಹೋದಳು.

ಗೋಡೆಯಾಚೆಯಿಂದ ಕೇಳುತ್ತಿದೆ: "ಅಜ್ಜಿ, ನೀ ಖರೇ ಹೇಳು."

ಪೆನ್ನು ಹಿಡಿದೇ ಗೋಡೆಗೆ ಕಿವಿಯಿಟ್ಟಿದ್ದೇನೆ.