ಮಾವ ಒತ್ತುವ ಹಸಿರು ಬಟನ್

ಜೂನ್ 9, ಸೋಮವಾರ. ಬೆಳಿಗ್ಗೆ

ಎಡಕ್ಕೆ ಮಲಗಿ ಸಾಕಾದರೆ ಬಲಕ್ಕೆ. ಏಳುವುದು ಬಾತ್‌ರೂಮಿಗೆ ಮಾತ್ರ. ಈಗ ನನಗಿರುವ ಕೆಲಸ ಇಷ್ಟೇ. ನನ್ನ ಅಕ್ಕ ರೋಜ ತಲೆದಿಂಬಿನ ಪಕ್ಕ ನೀರು, ಬಾಳೆಹಣ್ಣು, ಫೋನು ಇಟ್ಟು ಶಾಲೆಯ ಕೆಲಸಕ್ಕೆ ಹೋದಳು. ಅವಳ ಮನೆಯಿಂದ ಚಿತ್ರದುರ್ಗದ ಆಸ್ಪತ್ರೆ ಹತ್ತಿರ, ಅದಕ್ಕೇ ಇಲ್ಲಿದ್ದೇನೆ. ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ ಡಾಕ್ಟರ್ ಹೇಳಿದ್ದಾರೆ, ಹೆರಿಗೆಯಾಗುವ ತನಕ ಹಾಸಿಗೆ ಬಿಟ್ಟು ಅಲ್ಲಾಡಬೇಡ ಅಂತ. ಹೋದ ಸಲ ಐದನೇ ತಿಂಗಳಲ್ಲಿ... ಬೇಡ, ಬರೆಯುವುದಿಲ್ಲ.

ನನ್ನ ಕಂಪ್ಯೂಟರ್ ಹೊಸದುರ್ಗದಲ್ಲಿ, ಮನೆಯ ಮುಂದಿನ ಕೋಣೆಯಲ್ಲಿ. ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ಆಟೋದಲ್ಲಿ ಕೂಗಿಸುವ ಪ್ರಚಾರದ ರೆಕಾರ್ಡಿಂಗ್ — ಎಲ್ಲಾ ಫೈಲು, ಎಲ್ಲಾ ಫಾಂಟು ಅದರ ಹೊಟ್ಟೆಯಲ್ಲಿ. ಗಿರಾಕಿಗಳು ಕೈತಪ್ಪಿದರೆ ಮತ್ತೆ ಬರುವುದಿಲ್ಲ. ನಾನು ಸಪ್ಪಗಿದ್ದದ್ದು ನೋಡಿ ನನ್ನ ಗಂಡ ತಿಪ್ಪೇಶ್ ನಿನ್ನೆ ಬಂದವರು ಫೋನಿಗೆ ಒಂದು ಆಪ್ ಹಾಕಿಕೊಟ್ಟರು. ಇಲ್ಲಿಂದ ನಂಬರ್ ಒತ್ತಿದರೆ ಅಲ್ಲಿಯ ಪರದೆ ನನ್ನ ಅಂಗೈಗೆ ಬರುತ್ತದಂತೆ. ಒಂದೇ ತೊಡಕು. ಅಲ್ಲಿ ಯಾರಾದರೂ ಹಸಿರು ಬಟನ್ ಒತ್ತಿ ಒಪ್ಪಿಗೆ ಕೊಡಬೇಕು. ತಿಪ್ಪೇಶ್ ಕರೆಂಟಿನ ಲೈನ್‌ಮನ್, ಬೆಳಿಗ್ಗೆಯೇ ಹೊಳಲ್ಕೆರೆಗೆ ಹೋಗಿಬಿಡುತ್ತಾರೆ. ಮನೆಯಲ್ಲಿ ಉಳಿಯುವವರು ಮಾವ ಒಬ್ಬರೇ.

ಮಾವ!

ಸಂಜೆ

ಆಯಿತು. ಬಂತು. ನನ್ನ ಪರದೆ, ನನ್ನ ಫೋಲ್ಡರ್‌ಗಳು. ಬೆರಳು ಎಳೆದರೆ ಅಲ್ಲಿ ಬಾಣದ ಗುರುತು ಓಡುತ್ತದೆ. ಎರಡು ಬೆರಳು ಅಗಲಿಸಿದರೆ ಅಕ್ಷರ ದೊಡ್ಡದಾಗುತ್ತದೆ. ಒಂದು ಗೃಹಪ್ರವೇಶದ ಕಾರ್ಡ್ ಮುಗಿಸಿ ಪ್ರಿಂಟ್ ಕೊಟ್ಟೆ. ಹೊಸದುರ್ಗದಲ್ಲಿ ಕಾಗದ ಹೊರಬಿದ್ದಿತು! ಖುಷಿಗೆ ಅಳು ಬಂತು.

ಮಾವನಿಗೆ ಫೋನ್ ಮಾಡಿ ಪ್ರಿಂಟ್ ಬಂತಾ ಎಂದೆ. "ಹೂಂ" ಅಂದರು. ಚೆನ್ನಾಗಿ ಬಂದಿದೆಯಾ? "ಹೂಂ." ಇಟ್ಟುಬಿಟ್ಟರು.

ಖಾಸಗಿ ಬಸ್ಸಿನಲ್ಲಿ ಆಯಸ್ಸೆಲ್ಲ ಕಂಡಕ್ಟರ್ ಆಗಿದ್ದವರು. ಮಾತೆಲ್ಲ ಅಲ್ಲೇ ಖರ್ಚಾಗಿದೆ ಅನ್ನುತ್ತಾರೆ ತಿಪ್ಪೇಶ್. ಅತ್ತೆಯನ್ನು ನಾನು ಕಂಡಿಲ್ಲ, ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಮದುವೆಯಾಗಿ ಬಂದಾಗಿನಿಂದ ಊಟಕ್ಕೆ ಏಳಿ, ಆತು — ಇದಕ್ಕಿಂತ ಹೆಚ್ಚು ನಾವಿಬ್ಬರೂ ಆಡಿಲ್ಲ. ನಾನು ಕೋಣೆಗೆ ಬಂದರೆ ಅವರು ಜಗುಲಿಗೆ ಹೋಗುತ್ತಾರೆ. ಕೋಪ ಅಲ್ಲ, ಸಂಕೋಚ. ನನಗೂ.

ಜೂನ್ 13, ಶುಕ್ರವಾರ

ಇವತ್ತು ಅವಾಂತರ. ಲಗ್ನಪತ್ರಿಕೆಯಲ್ಲಿ ಮದುಮಗಳ ಹೆಸರನ್ನು ಹೂವಿನ ಚೌಕಟ್ಟಿಗೆ ಕೂರಿಸುತ್ತಿದ್ದೆ. ಹೆಸರು ತಾನಾಗಿಯೇ ಹಾರಿ ಗಣಪತಿಯ ಸೊಂಡಿಲಿಗೆ ಅಂಟಿಕೊಂಡಿತು. ಕೆಳಗೆ ಎಳೆದೆ. ಮತ್ತೆ ಮೇಲೆ ಹೋಯಿತು. ವೈರಸ್ ಅಂದುಕೊಂಡೆ. ಆಮೇಲೆ ಹೊಳೆಯಿತು, ಅಲ್ಲಿ ಮಾವ ಮೌಸ್ ಹಿಡಿದಿದ್ದಾರೆ. ಧೂಳು ಒರೆಸುತ್ತಿದ್ದರಂತೆ.

ಫೋನ್ ಮಾಡಲು ಮನಸ್ಸಾಗಲಿಲ್ಲ, ಬೈದಂತೆ ಆದೀತು. ನೋಟ್‌ಪ್ಯಾಡ್ ತೆರೆದು ಅಕ್ಷರ ದಪ್ಪ ಮಾಡಿ ಬರೆದೆ: "ಮಾವ, ಊಟ ಆತಾ?"

ಬಾಣ ನಿಂತಿತು. ನಾನು ಕಲಿಯುವಾಗ ಕೀಲಿಗಳ ಮೇಲೆ ಕನ್ನಡದ ಸ್ಟಿಕ್ಕರ್ ಅಂಟಿಸಿದ್ದೆ, ಅವು ಇನ್ನೂ ಇವೆ. ಒಂದೊಂದೇ ಅಕ್ಷರ ಬಿತ್ತು.

"ಆತ"

ಸ್ವಲ್ಪ ಬಿಟ್ಟು ಕೊಂಬು ಸಿಕ್ಕಿರಬೇಕು. "ಆತು. ನಿಂದು"

ಮಾವ ನನ್ನನ್ನು ಊಟ ಆಯಿತಾ ಎಂದು ಕೇಳಿದ್ದು ಇದೇ ಮೊದಲು. ಅಕ್ಕ ಸಂಜೆ ಬಂದಾಗ ತೋರಿಸೋಣ ಅಂದರೆ ಸ್ಕ್ರೀನ್‌ಶಾಟ್ ತೆಗೆದಿರಲಿಲ್ಲ.

ಜೂನ್ 18, ಬುಧವಾರ

ದಿನಾ ಹತ್ತು ಗಂಟೆಗೆ ಹಸಿರು ಬಟನ್. ಮೊದಲು ಕೆಲಸ, ಆಮೇಲೆ ನೋಟ್‌ಪ್ಯಾಡ್. ಫೋನಿನಲ್ಲಿ ಈಗಲೂ ಹೂಂ ಮಾತ್ರ. ಬರೆಯಲು ಕೂತರೆ ಬೇರೆಯೇ ಮನುಷ್ಯ.

"ತಿಪ್ಪೇಶ ಸಾರಿಗೆ ಉಪ್ಪು ಎರಡು ಸಲ ಹಾಕ್ಯಾನೆ. ನಾನು ಏನೂ ಅನ್ಲಿಲ್ಲ. ನೀರು ಕುಡಕಂಡು ಉಂಡೆ."

"ಎದುರು ಮನೆ ಖಾತುನ್ ಬೀ ನಿನ್ನ ಕೇಳಿದ್ಲು. ನೀನು ಕಂಪೂಟರ್ ಒಳಗೆ ಬರ್ತೀಯ ಅಂದೆ. ನಂಗೆ ಹುಷಾರಿಲ್ಲ ಅನ್ಕಂಡು ಕಷಾಯ ಕೊಟ್ಟು ಹೋದ್ಲು."

ನಗಬಾರದು, ಹೊಟ್ಟೆ ಎಳೆಯುತ್ತದೆ. ದಿಂಬು ಕಚ್ಚಿ ನಕ್ಕೆ.

ದಿನಾ ಬಟನ್ ಒತ್ತುವ ಕಷ್ಟ ಬೇಡ, ಪಾಸ್‌ವರ್ಡ್ ಹಾಕಿದರೆ ನಾನೇ ನೇರ ಬರಬಹುದು ಎಂದು ಬರೆದೆ. ಉತ್ತರ ತಕ್ಷಣ ಬಂತು, ತಪ್ಪಿಲ್ಲದೆ:

"ಬ್ಯಾಡ. ಬಟನ್ ಇರ್ಲಿ. ನೀನು ಬಂದಿದ್ದು ಗೊತ್ತಾಗ್ತೈತೆ."

ಜುಲೈ 2, ಬುಧವಾರ

ಸ್ಕ್ಯಾನಿಂಗ್ ಆಯಿತು. ಹೊಲಿಗೆ ಗಟ್ಟಿಯಾಗಿದೆ. ಮಗು ಕೈ ಬಾಯಿಗಿಟ್ಟುಕೊಂಡಿತ್ತು. ಆ ಚಿತ್ರವನ್ನು ತಿಪ್ಪೇಶ್‌ಗೆ ಕಳಿಸಿದೆ. ಆಮೇಲೆ ಮನೆಯ ಪರದೆಯ ಮೇಲೂ ದೊಡ್ಡದಾಗಿ ತೆರೆದಿಟ್ಟೆ.

ಬಾಣ ಮೆಲ್ಲಗೆ ಬಂದು ಮಗುವಿನ ತಲೆಯ ಸುತ್ತ ಒಂದು ಸುತ್ತು ಹಾಕಿತು. ಮತ್ತೊಂದು ಸುತ್ತು. ನಾನು ಬೆರಳು ಆಡಿಸಲಿಲ್ಲ.

ಜುಲೈ 10, ಗುರುವಾರ. ಮಧ್ಯಾಹ್ನ

ಆದದ್ದನ್ನು ಆದ ಹಾಗೆ ಬರೆದುಬಿಡುತ್ತೇನೆ.

ಬೆಳಿಗ್ಗೆ ಶಾಲೆಯೊಂದರ ಪ್ರಶ್ನೆಪತ್ರಿಕೆ ಅರ್ಜೆಂಟ್ ಇತ್ತು. ಮಾವ ಬೇಗನೇ ಬಟನ್ ಒತ್ತಿದರು. ಪ್ರಿಂಟ್ ತೆಗೆದು, ಜೋಡಿಸಿ, ಬಂದವರ ಕೈಗೆ ಕೊಟ್ಟು, ಆಮೇಲೆ ಕೂತು ಬರೆದರು — ಶುಗರ್ ಮಾತ್ರೆ ನುಂಗಿಯಾಯಿತು, ತಿಂಡಿ ಇನ್ನೂ ಇಲ್ಲ. ಮೊದಲು ತಿನ್ನಿ ಮಾವ ಎಂದು ಬರೆದೆ. "ಉಪ್ಪಿಟ್ಟು ಮಾಡ್ಕಂತೀನಿ. ಯಾಕೋ ತಲೆ" ಅಂತ ಬಂತು. ಆಮೇಲೆ ತ. ತತತತ. ಸಾಲು ತುಂಬಿತು. ಕೆಳಗಿನ ಸಾಲು. ನಿಲ್ಲಲೇ ಇಲ್ಲ.

ಕೈ ಕೀಲಿಯ ಮೇಲೆ ಬಿದ್ದಿದೆ. ಎತ್ತುತ್ತಿಲ್ಲ.

ಫೋನ್ ಮಾಡಿದೆ, ರಿಂಗಾಗಿ ನಿಂತಿತು. ತಿಪ್ಪೇಶ್ ಎತ್ತಲಿಲ್ಲ, ಕಂಬದ ಮೇಲಿದ್ದರೆ ಎತ್ತುವುದಿಲ್ಲ. ಖಾತುನ್ ಬೀ ಕೂಡ ಎತ್ತಲಿಲ್ಲ. ಎದ್ದು ನಿಂತುಬಿಟ್ಟೆ. ನಿಂತು ಎಲ್ಲಿಗೆ ಹೋಗುವುದು? ಚಿತ್ರದುರ್ಗದಿಂದ ಹೊಸದುರ್ಗಕ್ಕೆ?

ನನ್ನ ಕೈಯಲ್ಲಿ ಇದ್ದದ್ದು ಆ ಪರದೆ ಒಂದೇ. ಪ್ರಚಾರದ ರೆಕಾರ್ಡಿಂಗ್ ಮಾಡಿಸುವ ಗಿರಾಕಿಗೆ ಕೇಳಿಸಲೆಂದು ದೊಡ್ಡ ಸ್ಪೀಕರ್ ಇಟ್ಟುಕೊಂಡಿದ್ದೇನೆ. ವಾಲ್ಯೂಮ್ ತುದಿಗೆ ಎಳೆದೆ. ಪ್ರಚಾರದ ಫೋಲ್ಡರ್ ತೆರೆದರೆ ಒತ್ತಿಕೊಂಡೇ ಇದ್ದ ಕೀಲಿಯಿಂದಾಗಿ ಆಯ್ಕೆ ಅತ್ತಿತ್ತ ಜಿಗಿಯುತ್ತಿತ್ತು. ಬೆರಳು ಒದ್ದೆ. ಮೂರನೇ ಸಲಕ್ಕೆ ಒಂದು ಫೈಲ್ ತೆರೆಯಿತು. ನನ್ನದೇ ದನಿ. "ಹೊಸದುರ್ಗದ ಅಕ್ಕತಂಗಿಯರೇ, ಆಷಾಢದ ಭಾರೀ ರಿಯಾಯಿತಿ, ಒಂದು ಸೀರೆ ಕೊಂಡರೆ ಇನ್ನೊಂದು..." ಇಲ್ಲಿ ನನಗೆ ಕೇಳಿಸುತ್ತಿರಲಿಲ್ಲ. ಪರದೆಯ ಕೆಳಗೆ ಪಟ್ಟಿ ಓಡುವುದು ಮಾತ್ರ ಕಾಣುತ್ತಿತ್ತು. ಮುಗಿದರೆ ಮತ್ತೆ ಹಾಕಿದೆ. ಮತ್ತೆ.

ತ ನಿಂತಿತು.

ಖಾತುನ್ ಬೀ ಫೋನ್ ಮಾಡಿದಳು. ಮಹಡಿಯ ಮೇಲೆ ಸಂಡಿಗೆ ಒಣಹಾಕುತ್ತಿದ್ದಳಂತೆ, ಸದ್ದು ತಡೆಯಲಾಗದೆ ಬೈಯಲೆಂದು ಇಳಿದು ಬಂದಳಂತೆ. "ಅಣ್ಣ ಮೇಜಿನ ಮೇಲೆ ಬಿದ್ದವ್ರೆ ನೇತ್ರಾ. ಉಸಿರು ಐತೆ. ಒಸಡಿಗೆ ಸಕ್ಕರೆ ಸವರೀನಿ, ಆಟೋ ಬಂತು. ನೀನು ಮಲಕ್ಕ. ನಿಂಗೆ ಕೈ ಮುಗೀತೀನಿ, ಮಲಕ್ಕ."

ಮಲಗಿದ್ದೇನೆ. ಮಾವನನ್ನು ಆಸ್ಪತ್ರೆಗೆ ಮುಟ್ಟಿಸಿದ್ದಾರೆ. ಡ್ರಿಪ್ ಹಾಕಿದ್ದಾರೆ. ಇನ್ನೂ ಮಾತಾಡಿಲ್ಲವಂತೆ.

ಕೆಳಹೊಟ್ಟೆ ಹಿಂಡುತ್ತಿದೆ. ಅಕ್ಕನಿಗೆ ಫೋನ್ ಮಾ

ಜುಲೈ 19, ಶನಿವಾರ

ಅಕ್ಕನ ಮನೆ. ನಿನ್ನೆ ಆಸ್ಪತ್ರೆಯಿಂದ ಬಿಟ್ಟರು. ನೋವು ಇಂಜೆಕ್ಷನ್ನಿಗೆ ನಿಂತಿತು. ಹೊಲಿಗೆ ಬಿಚ್ಚಿಲ್ಲ. ಮಗುವಿನ ಎದೆಬಡಿತ ದಿನಾ ಕೇಳಿಸಿದರು, ಕುದುರೆ ಓಡಿದ ಹಾಗೆ. ಅದನ್ನು ಕೇಳಿದ ಮೇಲೇ ನಾನು ಅನ್ನ ಮುಟ್ಟುತ್ತಿದ್ದದ್ದು.

ಮಾವ ಅವತ್ತು ಮಧ್ಯಾಹ್ನವೇ ಕಣ್ಣು ಬಿಟ್ಟರು. ಈಗ ಮನೆಯಲ್ಲಿದ್ದಾರೆ, ಚೆನ್ನಾಗಿದ್ದಾರೆ. ಮಾತ್ರೆ ಬದಲಾಯಿಸಿದ್ದಾರೆ. ನಾವಿಬ್ಬರು ಎರಡು ಊರಲ್ಲಿ ಮಲಗಿದ್ದಕ್ಕೆ, ನಡುವೆ ತಿಪ್ಪೇಶ್ ಬೈಕಿನಲ್ಲಿ ಓಡಾಡಿ ಸೊರಗಿದ್ದಾರೆ. ಗಡ್ಡ ಬಂದಿದೆ. ಹಾಸಿಗೆಯ ತುದಿಗೆ ಕೂತು ಹೇಳಿದರು, ಇನ್ನು ಈ ಕೆಲಸ ಬೇಡ, ಕಂಪ್ಯೂಟರಿಗೆ ಬಟ್ಟೆ ಮುಚ್ಚಿದ್ದೀನಿ, ನೀನೂ ಸುಮ್ಮನಿರು ಅಪ್ಪನೂ ಸುಮ್ಮನಿರಲಿ. ಅವರ ಮುಖ ನೋಡಿ ಹೂಂ ಅಂದೆ.

ಜುಲೈ 24, ಗುರುವಾರ

ಹತ್ತು ಗಂಟೆಯಾದರೆ ಕೈ ಫೋನಿಗೆ ಹೋಗುತ್ತದೆ. ನಂಬರ್ ಒತ್ತಿದರೆ "ಸಂಪರ್ಕ ಸಿಗುತ್ತಿಲ್ಲ." ಗೊತ್ತಿದ್ದೂ ಒತ್ತುತ್ತೇನೆ.

ಮಾವನಿಗೆ ಕಾಲ್ ಮಾಡಿದೆ. ಹುಷಾರಾಗಿದ್ದೀರಾ? "ಹೂಂ." ತಿಂಡಿ ತಿಂದು ಮಾತ್ರೆ ತಗೊಂಡಿರಾ? "ಹೂಂ." ಇಬ್ಬರೂ ಫೋನ್ ಹಿಡಿದುಕೊಂಡೇ ಇದ್ದೆವು. ಆ ಕಡೆ ಫ್ಯಾನ್ ತಿರುಗುವುದು ಕೇಳಿಸುತ್ತಿತ್ತು.

ಜುಲೈ 27, ಭಾನುವಾರ

ಮಾವ ಬಂದಿದ್ದರು. ಮಗ ಬೇಡವೆಂದರೂ ಕೇಳದೆ, ಬಸ್ಸು ಹತ್ತಿ, ಒಬ್ಬರೇ. ಸ್ವಲ್ಪ ಇಳಿದುಹೋಗಿದ್ದಾರೆ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಚೀಲದಲ್ಲಿ ಕಡ್ಲೆಬೀಜದ ಉಂಡೆ, ಖಾತುನ್ ಬೀ ಕೊಟ್ಟ ಸಂಡಿಗೆ.

ಅಕ್ಕ ಕಾಫಿ ಮಾಡಲು ಒಳಗೆ ಹೋದಳು. ಅವರು ಕುರ್ಚಿಯಲ್ಲಿ, ನಾನು ಮಲಗಿ. ಕಿಟಕಿ ನೋಡಿದರು, ಕ್ಯಾಲೆಂಡರ್ ನೋಡಿದರು. ನನಗೆ ದಿಗಿಲಾಯಿತು. ಇಷ್ಟು ದಿನ ಬರೆದದ್ದೆಲ್ಲ ಎಲ್ಲಿಗೆ ಹೋಯಿತು, ಮತ್ತೆ ಹಳೆಯ ಜಗುಲಿ ಮತ್ತು ಕೋಣೆಯೇನಾ ಎಂದು.

ಆಮೇಲೆ ನೆಲ ನೋಡುತ್ತ ಹೇಳಿದರು:

"ಅವತ್ತು ನಿನ್ನ ದನಿ ಕೇಳ್ತು ಕಣಮ್ಮ. ಕಣ್ಣು ಬಿಡಾಕೆ ಆಗ್ಲಿಲ್ಲ. ಸೀರೆ ಮಾರ್ತಿದ್ದೆ ನೀನು. ನಮ್ ಹುಡ್ಗಿ ಇಲ್ಲೇ ಅವ್ಳೆ, ಇನ್ನೇನೂ ಆಗಲ್ಲ ಅನ್ಕಂಡೆ."

ನಾನು ಗೋಡೆಯ ಕಡೆ ತಿರುಗಿದೆ. ಮಾವನ ಕೈ ನನ್ನ ತಲೆಯ ಮೇಲೆ ಬಂತು. ಒರಟು ಕೈ. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಅಕ್ಕ ಕಾಫಿ ತಂದವಳು ಬಾಗಿಲಲ್ಲೇ ನಿಂತು ವಾಪಸ್ ಹೋದಳು.

ಹೊರಡುವಾಗ ಹೇಳಿದರು, ಬಟ್ಟೆ ತೆಗೀತೀನಿ, ತಿಪ್ಪೇಶನಿಗೆ ನಾನು ಹೇಳ್ತೀನಿ ಅಂತ.

ಜುಲೈ 28, ಸೋಮವಾರ

ತಿಪ್ಪೇಶ್ ಫೋನಿನಲ್ಲಿ ರೇಗಿದರು. ಅಪ್ಪ ಜಗಳ ಆಡಿದರಂತೆ. ಹುಟ್ಟಿದಾಗಿನಿಂದ ಅಪ್ಪ ಇಷ್ಟು ಮಾತಾಡಿದ್ದು ಕೇಳಿಲ್ಲ, ಏನು ಮಾಡಿಟ್ಟಿದ್ದೀಯ ನೀನು ಎಂದು ಕೇಳಿದರು. ಕೊನೆಗೆ ದನಿ ಸಡಿಲವಾಯಿತು. ಷರತ್ತು ಹಾಕಿದ್ದಾರೆ — ದಿನಕ್ಕೆ ಒಂದೇ ಕೆಲಸ, ಅರ್ಜೆಂಟ್ ಯಾವುದೂ ಬೇಡ, ಅಪ್ಪ ತಿಂಡಿ ತಿಂದದ್ದನ್ನು ಬರೆದ ಮೇಲೇ ಶುರು. ಎಲ್ಲದಕ್ಕೂ ಒಪ್ಪಿದೆ.

ಹತ್ತು ಗಂಟೆಗೆ ನಂಬರ್ ಒತ್ತಿದೆ. ಪರದೆ ಬಂತು. ನೋಟ್‌ಪ್ಯಾಡ್ ಮೊದಲೇ ತೆರೆದಿತ್ತು.

"ರೊಟ್ಟಿ ಎರಡು. ಹುಚ್ಚೆಳ್ಳು ಚಟ್ನಿ. ಮಜ್ಜಿಗೆ. ಬಾಮ್ಮ."

ಆಗಸ್ಟ್ 21, ಗುರುವಾರ

ಶ್ರಾವಣದ ಮದುವೆಗಳು ಮುಗಿಯುತ್ತ ಬಂದವು. ಮಾವ ಈಗ ಪ್ರೂಫ್ ನೋಡುತ್ತಾರೆ. ಮತ್ತೋಡು ಊರಿನ ಒಂದು ಲಗ್ನಪತ್ರಿಕೆಯಲ್ಲಿ ಮಾಡದಕೆರೆಗೆ ಹೋಗುವ ಬಸ್ಸಿನ ಹೊತ್ತು ಹಾಕಿದ್ದರು. ಆ ಬಸ್ ಈಗ ಇಲ್ಲ ಎಂದು ಬರೆದು ತಿದ್ದಿಸಿದರು. ಗಿರಾಕಿಗೂ ಖುಷಿ.

ಅತ್ತೆಯ ಬಗ್ಗೆ ಬರೆಯುತ್ತಾರೆ, ಆಗಾಗ. ಅವರೂ ಎಡಕ್ಕೆ ತಿರುಗಿಯೇ ಮಲಗುತ್ತಿದ್ದರಂತೆ. ಬಸುರಿಯಾಗಿದ್ದಾಗ ಬರೀ ಹುಣಸೆಚಿಗುರು ಬೇಡುತ್ತಿದ್ದರಂತೆ, ಮಾವ ಬಸ್ ನಿಲ್ಲಿಸಿ ಮರ ಹತ್ತುತ್ತಿದ್ದರಂತೆ. ಸೀಟಿನ ಜನರೆಲ್ಲ ಕಾಯುತ್ತಿದ್ದರಾ ಎಂದು ಕೇಳಿದೆ. "ಅವ್ರೂ ಇಳಿದು ಕಿತ್ತು ಕೊಡ್ತಿದ್ರು" ಎಂದು ಬರೆದರು.

ಸೆಪ್ಟೆಂಬರ್ 23, ಮಂಗಳವಾರ. ಸಂಜೆ

ನಾಳೆ ಹೊಲಿಗೆ ಬಿಚ್ಚುತ್ತಾರೆ. ಆಮೇಲೆ ಯಾವ ಗಳಿಗೆಯಲ್ಲಾದರೂ ಸರಿ. ಇವತ್ತು ಕೆಲಸ ಮಾಡಲಿಲ್ಲ. ಬರೀ ಮಾತು. ಭಯ ಆಗ್ತಿದೆ ಮಾವ ಎಂದು ಬರೆದೆ. ತಿಪ್ಪೇಶ್‌ಗೂ ಅಕ್ಕನಿಗೂ ಇದನ್ನು ಹೇಳಿಲ್ಲ.

"ನಂಗೂ" ಎಂದು ಬಂತು. ಅದೊಂದೇ ಮಾತು. ಧೈರ್ಯ ಹೇಳಲಿಲ್ಲ. ಅದರಿಂದಲೇ ಹಗುರವಾಯಿತು.

ಸೆಪ್ಟೆಂಬರ್ 27, ಶನಿವಾರ. ಮಧ್ಯಾಹ್ನ

ಹೆಣ್ಣು. ಗುರುವಾರ ಬೆಳಗಿನ ಜಾವ. ಸಣ್ಣದು, ಆದರೆ ಗಾಜಿನ ಪೆಟ್ಟಿಗೆ ಬೇಕಾಗಲಿಲ್ಲ. ಅತ್ತ ಸದ್ದಿಗೆ ವಾರ್ಡಿನ ಎಲ್ಲ ಮಕ್ಕಳೂ ಎದ್ದವು. ತಿಪ್ಪೇಶ್ ಎತ್ತಿಕೊಳ್ಳಲು ಹೆದರಿ ಕೈ ಹಿಂದೆ ಕಟ್ಟಿ ನಿಂತಿದ್ದರು. ಕೆಂಪು ಕೆಂಪು. ಮೂಗು ತಿಪ್ಪೇಶ್‌ದು. ಕೋಪ ಯಾರದ್ದೋ ಗೊತ್ತಿಲ್ಲ.

ಮಾವ ನಿನ್ನೆಯಿಂದ ಇಲ್ಲೇ ಇದ್ದಾರೆ. ಜಗುಲಿ ಇಲ್ಲ ಇಲ್ಲಿ, ಹೋಗಲು. ನರ್ಸಮ್ಮ ಗಂಡಸರು ಹೊರಗಿರಿ ಅಂದರೆ ಬಾಗಿಲ ತನಕ ಹೋಗಿ ಮತ್ತೆ ಬರುತ್ತಾರೆ. ಮಗುವನ್ನು ಅವರ ಮಡಿಲಿಗೆ ಹಾಕಿದೆ. ಬಗ್ಗಿ ಅದರ ಕಿವಿಗೆ ಏನೋ ಹೇಳಿದರು. ಏನು ಹೇಳಿದಿರಿ ಎಂದು ಕೇಳಿದರೆ ನಿಂಗಲ್ಲ ಅಂದರು.

ತಿಪ್ಪೇಶ್ ಔಷಧಿ ತರಲು ಹೋಗಿದ್ದಾರೆ, ಅಕ್ಕ ಬಟ್ಟೆ ಒಣಹಾಕಲು. ಮಗು ನಿದ್ದೆ. ಮಾವ ಎದುರಿನ ಬೆಂಚಿನಿಂದ ಎದ್ದರು. ಸ್ಟೂಲ್ ಎಳೆದುಕೊಂಡು ನನ್ನ ಮಂಚದ ಹತ್ತಿರ ಬರುತ್ತಿದ್ದಾರೆ. ಬರೆಯೋದು ಬಿಡು, ಒಂದು ಮಾತು ಹೇಳ್ಬೇಕು ಅಂತಿದ್ದಾರೆ, ಮಗೀನ ಹೆಸರಿನ ವಿಷ—