ಮೂರನೆಯ ಕುರ್ಚಿ

ಅತಿಥಿಗೃಹದ ಮೇಲಿನ ಕೋಣೆಯಿಂದ,
ಜನವರಿ ೨೨, ಬುಧವಾರ

ನನ್ನ ಅತ್ತೆಯ ಮಗನಿಗೆ,

ಸಂಬೋಧನೆ ನೋಡಿ ಹುಬ್ಬು ಗಂಟಿಕ್ಕಬೇಡಿ. ಮದುವೆಯಾದ ಹೊಸದರಲ್ಲಿ ಬರೆಯುತ್ತಿದ್ದುದನ್ನು ಈಗ ಬರೆದರೆ ಸುಳ್ಳಾಗುತ್ತದೆ. ‘ಮಾನ್ಯರೇ’ ಅಂದರೆ ವಿದ್ಯುತ್ ಕಚೇರಿಗೆ ದೂರು ಕೊಟ್ಟಂತಾಗುತ್ತದೆ. ನೀವು ಅತ್ತೆಯ ಮಗ ಎನ್ನುವುದರಲ್ಲಿ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ.

ಮೊದಲು ವಿಷಯ ಹೇಳಿಬಿಡುತ್ತೇನೆ. ಭಾನುವಾರ ನೀವು ಜಂಕ್ಷನ್ನಿಗೆ ಬರಬೇಡಿ. ಅತ್ತೆ ನಿಮ್ಮ ಜೊತೆ ಬರುತ್ತಿಲ್ಲ, ನನ್ನ ಜೊತೆಗೇ ಮನೆಗೆ ವಾಪಸಾಗುತ್ತಿದ್ದಾರೆ. ಫೋನಿನಲ್ಲೇ ತಿಳಿಸಬಹುದಿತ್ತು. ಆದರೆ ನೀವು ಅರ್ಧಕ್ಕೇ ಬಾಯಿ ಹಾಕುತ್ತೀರಿ, ನಾನು ಅಲ್ಲಿಗೇ ಫೋನ್ ಇಟ್ಟುಬಿಡುತ್ತೇನೆ. ಕಾಗದವಾದರೆ ಪೂರ್ತಿ ಕೇಳಿಸಿಕೊಳ್ಳದೆ ನಿಮಗೆ ಗತಿಯಿಲ್ಲ. ಹಾಲಿನ ವ್ಯಾನಿನವನು ಇದನ್ನು ಕೆಳಗಿನ ಊರಿನ ಅಂಚೆಗೆ ಹಾಕುತ್ತಾನಂತೆ, ಶನಿವಾರದೊಳಗೆ ನಿಮ್ಮ ಕೈಸೇರಬೇಕು.

ನೀವು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ದೊಡ್ಡ ಮನೆ ಸಿಕ್ಕಿದೆ, ಅಮ್ಮನಿಗೊಂದು ಕೋಣೆಯಿದೆ, ಲಿಫ್ಟ್ ಇರುವುದರಿಂದ ಮೆಟ್ಟಿಲ ಕಾಟವಿಲ್ಲ, ಇನ್ನು ಮೇಲೆ ಅಮ್ಮನನ್ನು ನಾನೇ ನೋಡಿಕೊಳ್ಳುತ್ತೇನೆ ಎಂದು ಬರೆದಿದ್ದಿರಿ. ಲಿಫ್ಟ್ ರಿಪೇರಿ ಮಾಡುವವರ ಮನೆಗೆ ಲಿಫ್ಟ್ ಇರಬೇಕಾದ್ದೇ. ನೀವು ಮನೆ ಬಿಟ್ಟು ಎರಡು ವರ್ಷವಾಯಿತು. ಬಿಟ್ಟುಹೋದ ಗಂಡನ ತಾಯಿಯನ್ನು ಸೊಸೆ ಯಾಕೆ ಇಟ್ಟುಕೊಂಡಿದ್ದಾಳೆ ಎಂದು ಕನ್ನಡಕದ ಅಂಗಡಿಗೆ ಬರುವ ಗಿರಾಕಿಗಳೂ ನನ್ನನ್ನು ಕೇಳುತ್ತಾರೆ. ನಾನು ಲೆನ್ಸ್ ಒರೆಸುತ್ತಿರುತ್ತೇನೆ.

ನಿಮ್ಮ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ‘ನಿನ್ನಿಷ್ಟ ಕಣೇ’ ಅಂದರು. ‘ನನ್ನದೇನಿದೆ, ನಿಮ್ಮಿಷ್ಟ’ ಅಂದೆ. ಒಂದು ವಾರ ಇದನ್ನೇ ಆಡಿಕೊಂಡೆವು. ‘ಹೋಗಬೇಡಿ’ ಎನ್ನುವ ಮಾತು ನನ್ನ ಗಂಟಲಲ್ಲೇ ಇತ್ತು. ಹೇಳಿದರೆ ಎಲ್ಲಿ ‘ಮಗನ ಹತ್ರ ಹೋಗೋಕೂ ಬಿಡಲ್ವಾ’ ಅಂದುಬಿಡುತ್ತಾರೋ ಎಂದು ಹೆದರಿ ನುಂಗಿಕೊಂಡೆ. ನಿಮ್ಮ ತಾಯಿಯನ್ನು ನಿಮ್ಮಿಂದ ತಡೆಯಲು ನಾನ್ಯಾರು ಎಂದೂ ಅನಿಸಿತು.

ಕೊನೆಗೆ ಅವರು ಕೇಳಿದ್ದು ಒಂದೇ. ಹೋದ ವರ್ಷದ ಕ್ಯಾಲೆಂಡರಿನಿಂದ ಕತ್ತರಿಸಿದ ಒಂದು ಚಿತ್ರವನ್ನು ಅವರು ಅಡುಗೆಮನೆಯ ಗೋಡೆಗೆ ಅಂಟಿಸಿದ್ದರು. ಅದರಲ್ಲಿ ಹಿಮದ ನಡುವೆ ಊರಿಗೆ ಊರೇ ಕುರ್ಚಿ ಹಾಕಿಕೊಂಡು, ಕಣ್ಣು ಮುಚ್ಚಿ, ಮುಖ ಮೇಲೆತ್ತಿ ಕೂತಿದೆ. ‘ಇದೊಂದನ್ನ ತೋರ್ಸು. ಆಮೇಲೆ ಎಲ್ಲಿಗೆ ಬೇಕಾದ್ರೂ ಕಳ್ಸು’ ಅಂದರು. ಎರಡು ಚೀಲ ಕಟ್ಟಿದರು, ಒಂದು ಆ ಚಿತ್ರದ ಹಬ್ಬಕ್ಕೆ, ಇನ್ನೊಂದು ನಿಮ್ಮ ಮನೆಗೆ. ಎರಡನೆಯದು ಹೆಣಭಾರ. ಅದನ್ನು ನಾನೇ ಹೊತ್ತೆ.

ರೈಲು ಇಳಿದ ಮೇಲೆ ಬಸ್ಸು. ಚಕ್ರಕ್ಕೆ ಸರಪಳಿ ಸುತ್ತಿಕೊಂಡು ಅದು ಹತ್ತುತ್ತಿದ್ದರೆ ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬರುತ್ತಿತ್ತು. ಅತ್ತೆ ಮಾತ್ರ ನಿಂಬೆಹಣ್ಣು ಮೂಸುತ್ತಾ ಡ್ರೈವರನಿಗೆ ದಾರಿ ಹೇಳಿಕೊಡುತ್ತಿದ್ದರು. ಈ ಕಡೆಗೆ ಅವರೂ ಬಂದದ್ದು ಇದೇ ಮೊದಲು. ನಿಮ್ಮ ತಾಯಿ, ನಿಮಗೆ ನಾನು ಹೇಳಬೇಕೇ.

ಈ ಕಣಿವೆ ಬಾವಿಯ ಹಾಗಿದೆ. ದಕ್ಷಿಣದ ಬೆಟ್ಟ ಎಷ್ಟು ಎತ್ತರವೆಂದರೆ ನವೆಂಬರಿನಲ್ಲಿ ಅದರ ಹಿಂದೆ ಸರಿದ ಸೂರ್ಯ ಜನವರಿ ಮುಗಿಯುತ್ತ ಬರುವತನಕ ಮುಖ ತೋರಿಸುವುದಿಲ್ಲ. ಬೆಳಗಾಗುತ್ತದೆ, ಬಿಸಿಲು ಬರುವುದಿಲ್ಲ. ಬಿಸಿಲು ಮರಳುವ ದಿನವೇ ಇವರ ಹಬ್ಬ. ಮುತ್ತಜ್ಜಂದಿರ ಕಾಲದಿಂದ ಹೀಗೇ ನಡೆದು ಬಂದಿದೆಯಂತೆ. ಭಾಷಣವಿಲ್ಲ, ಮೆರವಣಿಗೆಯಿಲ್ಲ. ಪ್ರತಿ ಮನೆಯವರೂ ತಮ್ಮ ಕುರ್ಚಿಗಳನ್ನು ಹೊತ್ತು ತಂದು ಊರಿನ ಚೌಕದಲ್ಲಿ ಕೂರುತ್ತಾರೆ. ಮನೆಯಲ್ಲಿ ಎಷ್ಟು ಜನವೋ ಅಷ್ಟು ಕುರ್ಚಿ. ದೂರ ಹೋಗಿದ್ದು, ಮರಳಿ ಬರಲಿರುವವರಿಗೂ ಒಂದೊಂದು ಖಾಲಿ ಕುರ್ಚಿ ತರುತ್ತಾರೆ. ಬಾರದವರಿಗೆ ತರುವುದಿಲ್ಲ. ಇರುವ ನಿಯಮ ಇಷ್ಟೇ.

ಹಬ್ಬ ನಿನ್ನೆ ಇತ್ತು. ಬೆಳಿಗ್ಗೆ ಈ ಅತಿಥಿಗೃಹದ ಮನೆಯೊಡತಿ ಚಹಾ ತಂದಿಟ್ಟು ಇದನ್ನೆಲ್ಲ ಬಿಡಿಸಿ ಹೇಳಿದಳು. ಈ ದಿನ ಅತಿಥಿಗಳೂ ನಿಂತು ನೋಡುವಂತಿಲ್ಲವಂತೆ, ಅವರಿಗೂ ಅವಳೇ ಕುರ್ಚಿ ಕೊಡುತ್ತಾಳೆ. ‘ನಿಮ್ಮನೇದು ಎಷ್ಟು? ಬರೋರನ್ನೂ ಸೇರ್ಸಿ ಹೇಳಿ’ ಅಂದಳು. ನಾನು ಎರಡು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ‘ಮೂರು’ ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ವರ್ಷ ಒಂದೇ ಪಾತ್ರೆಯಲ್ಲಿ ಚಹಾ ಕುದಿಸಿಕೊಂಡು ಕುಡಿದದ್ದು ಇಷ್ಟಕ್ಕೇನಾ, ಇನ್ನೂ ನಿಮ್ಮ ದಾರಿ ಕಾಯುವುದು ಬಿಟ್ಟಿಲ್ಲವಲ್ಲ ಅನಿಸಿತು. ಎರಡು ಕುರ್ಚಿ ನಾನು ಹೊತ್ತೆ, ಮೂರನೆಯದನ್ನು ಮನೆಯೊಡತಿ ತಂದಳು. ಅವಳ ಮಗಳು ಎಲ್ಲೋ ದೂರದ ಬಂದರಿನಲ್ಲಿ ಕೆಲಸಕ್ಕಿದ್ದಾಳೆ. ಆ ಮಗಳ ಖಾಲಿ ಕುರ್ಚಿಯ ಮೇಲೆ ಒಂದು ದಿಂಬು ಇಟ್ಟಳು, ನಮ್ಮ ಖಾಲಿ ಕುರ್ಚಿಯ ಮೇಲೂ ಒಂದು ಇಟ್ಟಳು. ಬರುವವರಿಗೆ ತಣ್ಣಗೆ ತಾಗಬಾರದಂತೆ.

ಬೆಟ್ಟದ ನೆತ್ತಿಗೆ ಮೋಡ ಕವಿದಿತ್ತು. ಬಿಸಿಲು ಬರುತ್ತದೋ ಇಲ್ಲವೋ ಎಂದು ಯಾರೂ ಗೊಣಗಲಿಲ್ಲ, ಅಷ್ಟು ಜನ ಬಾಯಿ ಮುಚ್ಚಿಕೊಂಡು ಕೂತಿದ್ದನ್ನು ನಾನು ಎಲ್ಲೂ ನೋಡಿಲ್ಲ. ಚಳಿ ಬೂಟಿನ ಅಡಿಯಿಂದ ಮಂಡಿಯವರೆಗೆ ಏರಿತು. ಆಮೇಲೆ ಮೋಡ ಸರಿದು ಎದುರು ಸಾಲಿನ ಚಿಮಣಿಗಳು ಬೆಳಗಿದವು. ಮೇಲ್ಮಹಡಿಯ ಕಿಟಕಿಗಳು, ಅದರ ಕೆಳಗಿನ ಬೇಕರಿಯ ಬೋರ್ಡು, ಹೀಗೆ ಬಿಸಿಲು ಗೋಡೆಯಿಳಿದು ನಮ್ಮ ಕಡೆ ಬರತೊಡಗಿತು. ಜನರೆಲ್ಲ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ನಾನು ಅವರ ಮೂಗಿನ ಮೇಲಿನ ಗುರುತು ನೋಡುತ್ತಾ, ಯಾರ ಫ್ರೇಮು ಬಿಗಿ, ಯಾರದ್ದು ಸಡಿಲ ಎಂದು ಅಂದಾಜು ಹಾಕುತ್ತಾ ಕೂತೆ. ಆ ಖಾಲಿ ಕುರ್ಚಿಯ ಕಡೆ ಕಣ್ಣು ಹೋಗದಿರಲಿ ಎಂದು.

ಬಿಸಿಲು ನಮ್ಮ ಮುಖಕ್ಕೆ ಬಿತ್ತು. ಅತ್ತೆ ಬಗ್ಗಿ ಬೂಟು ಬಿಚ್ಚಿದರು. ನೀವು ಬೀರುವಿನಲ್ಲಿ ಬಿಟ್ಟುಹೋಗಿದ್ದ ಬೂದು ಬಣ್ಣದ ಉಣ್ಣೆಯ ಕಾಲುಚೀಲ ಹಾಕಿಕೊಂಡಿದ್ದರು. ‘ಹಾ’ ಎಂದು ದೊಡ್ಡದಾಗಿ ಉಸಿರುಬಿಟ್ಟು, ಊದಿಕೊಂಡ ಎರಡೂ ಕಾಲನ್ನು ಎತ್ತಿ ಮೂರನೆಯ ಕುರ್ಚಿಯ ದಿಂಬಿನ ಮೇಲೆ ಆರಾಮಾಗಿ ಚಾಚಿದರು.

ಮನೆಯೊಡತಿ ಗಾಬರಿಯಾದಳು. ‘ಅಯ್ಯೋ ಅಮ್ಮಾ, ಅದು ಬರೋರದ್ದಲ್ವಾ!’ ಅಂದಳು.

‘ಬಂದಾಗ ತೆಗೀತೀನಿ ಬಿಡಮ್ಮಾ. ಅಲ್ಲೀತನಕ ನನ್ನ ಕಾಲಿಗಾದ್ರೂ ಬಿಸಿಲು ಬೀಳ್ಲಿ’ ಅಂದರು ನಿಮ್ಮ ತಾಯಿ.

ನಾನು ನಕ್ಕೆ. ಸುತ್ತಲಿನವರು ಒಬ್ಬೊಬ್ಬರಾಗಿ ಕಣ್ಣುಬಿಟ್ಟು ನೋಡಿದರೂ ನಗು ನಿಲ್ಲಲಿಲ್ಲ. ಹಾಗೇ ಅಳು ಬಂತು. ಬಿಸಿಲಿಗೆ ಕಣ್ಣಲ್ಲಿ ನೀರು ಬಂತು ಎಂದು ಬರೆಯಬಹುದಿತ್ತು, ಆದರೆ ನಾನು ಅತ್ತದ್ದು ನಿಜ. ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು, ‘ಈಗ್ಲಾದ್ರೂ ಬಾಯ್ಬಿಡೇ. ಹೋಗ್ಲೋ, ಇರ್ಲೋ?’

‘ಇರಿ ಅತ್ತೆ. ನೀವಿಲ್ದೆ ಆ ಮನೇಲಿ ನನಗಾಗಲ್ಲ’ ಅಂದೆ.

‘ಇಷ್ಟು ಹೇಳೋಕೆ ನನ್ನನ್ನ ಬೆಟ್ಟ ಹತ್ತಿಸ್ಬೇಕಿತ್ತಾ?’ ಅಂದರು. ಅಷ್ಟರಲ್ಲಿ ಸೂರ್ಯ ಮತ್ತೆ ಬೆಟ್ಟದ ಹಿಂದೆ ಹೋದ. ಎಲ್ಲರೂ ಎದ್ದು, ಕುರ್ಚಿ ಹೊತ್ತು, ಏನೂ ಆಗಿಲ್ಲವೆಂಬಂತೆ ಕೆಲಸಕ್ಕೆ ಹೊರಟರು.

ಸಂಜೆ ಎರಡನೆಯ ಚೀಲ ಬಿಚ್ಚಿದೆವು. ಬಟ್ಟೆಯ ನಡುವೆ ನಮ್ಮ ಚಹಾ ಪಾತ್ರೆ ಇತ್ತು, ಸೌಟೂ ಇತ್ತು. ನಾನು ವಾರದಿಂದ ಹುಡುಕುತ್ತಿದ್ದ ಪಾತ್ರೆ ಅದು. ಕೇಳಿದರೆ ‘ನಿನ್ನ ನೆನಪಿಗೆ ಏನಾದ್ರೂ ಬೇಡ್ವಾ’ ಅಂದರು. ಇಲ್ಲಿನ ಒಲೆಯ ಮೇಲೆ ಅದರಲ್ಲೇ ಚಹಾ ಮಾಡಿ ಕುಡಿದೆವು.

ಮೆಟ್ಟಿಲ ಚಿಂತೆ ನಿಮಗೆ ಬೇಡ. ನಮ್ಮ ಕೆಳಗಿನ ಮನೆ ಖಾಲಿಯಾಗುತ್ತಿದೆ, ಮಾಲೀಕರ ಹತ್ತಿರ ಮಾತಾಡುತ್ತೇನೆ. ತಾಯಿಯನ್ನು ನೋಡಬೇಕೆನಿಸಿದಾಗ ಬನ್ನಿ, ಬರುವ ಮೊದಲು ತಿಳಿಸಿ. ಚಹಾ ಸಿಗುತ್ತದೆ. ಜಗಳ ಆಡುವುದಿಲ್ಲ, ಆಡಲು ಈಗ ಏನೂ ಉಳಿದಿಲ್ಲ.

ಇಂತಿ,
ನಿಮ್ಮ ತಾಯಿಯ ಸೊಸೆ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅತ್ತೆಗೆ ಎಲ್ಲವನ್ನೂ ಓದಿ ಹೇಳಿದೆ. ಕಾಲುಚೀಲದ ಸಂಗತಿ ಬರೆದದ್ದಕ್ಕೂ ಅವರ ಅಭ್ಯಂತರವಿಲ್ಲ. ಒಂದು ಮಾತನ್ನು ಮಾತ್ರ ತಿದ್ದಲೇಬೇಕಂತೆ. ‘ನನ್ನ ಮೇಲೆ ಯಾಕೆ ಹಾಕ್ತೀಯ? ಮೂರು ಅಂದಿದ್ದು ನಾನಲ್ಲ’ ಅಂದರು. ಹೌದು. ಮನೆಯೊಡತಿ ಕೇಳಿದಾಗ ಅತ್ತೆ ಸುಮ್ಮನೆ ಚಹಾ ಕುಡಿಯುತ್ತಿದ್ದರು. ಮೂರು ಅಂದವಳು ನಾನು, ಮೈ ಉರಿದದ್ದೂ ನನ್ನ ಮೇಲೆಯೇ. ಬರುವ ವರ್ಷವೂ ಇಲ್ಲಿಗೆ ಬರೋಣ ಅನ್ನುತ್ತಿದ್ದಾರೆ. ಆಗ ಕೇಳಿದರೆ ಎರಡು ಅನ್ನುತ್ತೇನೆ. ಅತ್ತೆಯ ಕಾಲಿಗೆ ಒಂದು ಸ್ಟೂಲು ಕೇಳಿದರಾಯಿತು.